ಜಾನ್ ವಿಲ್ಕ್ಸ್ ಮತ್ತು ಮಿಡ್ಲ್‌ಸೆಕ್ಸಿನ ಮತದಾರರು

ಜನರು ತಮಗೆ ಬೇಕಾದವನನ್ನು ಆರಿಸಿ ಕಳುಹಿಸಬೇಕು. ಆರಿಸಿ ಬಂದವನು ಸಭೆಯಲ್ಲಿ ಕುಳಿತು ಅವರ ಪರವಾಗಿ ಮಾತನಾಡಬೇಕು. ಪ್ರಾತಿನಿಧ್ಯವೆಂಬ ಪದ್ಧತಿಯ ಸಾರವೆಲ್ಲ ಇಷ್ಟೇ. ಆದರೆ ಜನರಿಗೆ ಬೇಕಾದವನು ಅಧಿಕಾರಸ್ಥರಿಗೆ ಬೇಡವಾದರೆ ಏನಾಗಬೇಕು? ಇವನು ಸಜ್ಜನನಲ್ಲ, ಸಾಲಗಾರನು, ದುರ್ವ್ಯಸನಿಯು, ಸೆರೆಮನೆಯಲ್ಲಿರುವವನು ಎಂದು ಹೇಳಿ ಸಭೆಯು ಅವನನ್ನು ಹೊರದೂಡಿ, ಚುನಾವಣೆಯಲ್ಲಿ ಸೋತವನನ್ನು ಕರೆತಂದು ಅದೇ ಪೀಠದಲ್ಲಿ ಕೂರಿಸಬಹುದೇ? ಪಾರ್ಲಿಮೆಂಟುಗಳ ಮಾತೆಯೆಂದು ಹೊಗಳಿಸಿಕೊಂಡ ಬ್ರಿಟಿಷ್ ಪಾರ್ಲಿಮೆಂಟು 1769ನೆಯ ಇಸವಿಯಲ್ಲಿ ಹೀಗೆಯೇ ಮಾಡಿತು. ತಾನು ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುವುದಕ್ಕೆ ಅದಕ್ಕೆ 13 ವರ್ಷಗಳು ಬೇಕಾದವು. ಒಪ್ಪಿಸಿದವನು ಜಾನ್ ವಿಲ್ಕ್ಸನೆಂಬ ಒಬ್ಬ ವಿಚಿತ್ರ ಪುರುಷನು. ಅವನ ಬೆನ್ನಿಗೆ ನಿಂತವರು ಲಂಡನ್ ನಗರದ ಸುತ್ತಣ ಮಿಡ್ಲ್‌ಸೆಕ್ಸ್ ಸೀಮೆಯ ಸಾಮಾನ್ಯ ಮತದಾರರು.

ಮಹಾಪುರುಷರ ಚರಿತ್ರೆಗಳನ್ನೋದುವ ರೂಢಿಯುಳ್ಳ ನಮ್ಮ ವಾಚಕರಿಗೆ ವಿಲ್ಕ್ಸನ ಚರಿತ್ರೆಯು ಕೊಂಚ ಇರುಸುಮುರುಸನ್ನುಂಟುಮಾಡಬಹುದು. ಅವನು ಶೀಲವಂತನಾಗಿರಲಿಲ್ಲ. ಅವನ ಜೀವನವು ಮಕ್ಕಳಿಗೆ ಆದರ್ಶವಾಗಿ ಹೇಳತಕ್ಕದ್ದಲ್ಲ. ಆದರೂ ಅವನ ಹೆಸರಿನಲ್ಲಿ ನಡೆದ ಹೋರಾಟದಿಂದ ಪ್ರಜೆಗಳಿಗೆ ದೊರೆತ ಫಲವು ಅನೇಕ ಸಾಧುಪುರುಷರ ಆಯುಷ್ಯದಲ್ಲಿಯೂ ದೊರೆತುದಿಲ್ಲ. ಅದು ಹೇಗೆಂಬುದನ್ನು ತಿಳಿಯುವುದು ನಮಗೆ ಅವಶ್ಯಕವಾಗಿದೆ.

ವಿಲ್ಕ್ಸನು 1725ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ನಿನ ಕ್ಲರ್ಕೆನ್‌ವೆಲ್ ಎಂಬ ಮೊಹಲ್ಲೆಯಲ್ಲಿ ಜನಿಸಿದನು. ತಂದೆ ಮದ್ಯದ ಭಟ್ಟಿಯಿಟ್ಟು ಹಣ ಗಳಿಸಿದ ವರ್ತಕನು. ಮಗನು ದೊಡ್ಡ ಮನುಷ್ಯರ ಸಾಲಿನಲ್ಲಿ ಸೇರಬೇಕೆಂಬ ಆಸೆಯಿಂದ ಅವನನ್ನು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದನು. ಹಿಂದಿರುಗಿದ ಮೇಲೆ 1747ರಲ್ಲಿ, ತನಗಿಂತ ಹತ್ತು ವರ್ಷ ಹಿರಿಯಳೂ ಆಸ್ತಿವಂತಳೂ ಆದ ಕನ್ಯೆಯೊಂದಿಗೆ ವಿವಾಹವಾಯಿತು. ಆ ದಾಂಪತ್ಯವು ಹತ್ತು ವರ್ಷಗಳೂ ನೆಟ್ಟಗೆ ನಡೆಯಲಿಲ್ಲ. ಒಬ್ಬಳು ಮಗಳು ಮಾತ್ರ ಉಳಿದಳು. ಆ ಮಗಳ ಮೇಲೆ ವಿಲ್ಕ್ಸನಿಗೆ ಕಡೆಯವರೆಗೂ ಅಪಾರವಾದ ಮಮತೆಯಿದ್ದಿತು. ಅವನು ಕುರೂಪಿ, ಮೆಳ್ಳೆಗಣ್ಣಿನವನು. ಆದರೆ ಮಾತಿನಲ್ಲಿ ಮೋಡಿಗಾರನು. ಅರ್ಧ ಗಳಿಗೆ ಮಾತನಾಡಲು ಅವಕಾಶ ದೊರೆತರೆ ಎದುರಿಗಿದ್ದವರು ಅವನ ಮುಖವನ್ನು ಮರೆತುಬಿಡುತ್ತಿದ್ದರು.

ಅಂದಿನ ಇಂಗ್ಲೆಂಡಿನಲ್ಲಿ ಚುನಾವಣೆಗಳು ಯಾವ ರೀತಿಯಲ್ಲಿ ನಡೆಯುತ್ತಿದ್ದವೆಂಬುದನ್ನು ಇಲ್ಲಿ ಹೇಳಬೇಕು. ಕಾಮನ್ಸ್ ಸಭೆಯಲ್ಲಿ 558 ಸದಸ್ಯರಿದ್ದರು. ಕೌಂಟಿಗಳೆಂಬ ಸೀಮೆಗಳಲ್ಲಿ, ವರ್ಷಕ್ಕೆ 40 ಷಿಲಿಂಗು ಹುಟ್ಟುವಳಿಯ ಸ್ವಂತ ಸ್ಥಿರಾಸ್ತಿಯುಳ್ಳ ಗಂಡಸರಿಗೆ ಮತವಿದ್ದಿತು. ಈ ನಿಯಮವು 1430ನೆಯ ಇಸವಿಯಷ್ಟು ಹಳೆಯದು. ಬರೋಗಳೆಂಬ ಪೇಟೆ ಕ್ಷೇತ್ರಗಳಲ್ಲಿ ಊರಿಗೊಂದು ಕಟ್ಟಳೆ. ಓಲ್ಡ್ ಸೇರಮ್ ಎಂಬಲ್ಲಿ ಜನವಸತಿಯೇ ಇಲ್ಲದೆ ಬರಿಯ ದಿಬ್ಬವಿದ್ದರೂ ಇಬ್ಬರು ಸದಸ್ಯರು ಬರುತ್ತಿದ್ದರು. ದಿನದಿನಕ್ಕೆ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಪಟ್ಟಣಗಳಿಗೆ ತಮ್ಮದೆನ್ನುವ ಒಬ್ಬ ಸದಸ್ಯನೂ ಇರಲಿಲ್ಲ. ಮತದಾನವು ಗುಪ್ತವಾಗಿರಲಿಲ್ಲ. ಎತ್ತರವಾಗಿ ಕಟ್ಟಿದ ಮರದ ಅಟ್ಟಣೆಯ ಬಳಿಗೆ ಮತದಾರನು ಬಂದು, ತನ್ನ ಮತ ಯಾರಿಗೆಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಗುಮಾಸ್ತನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವನು. ಅನೇಕ ವೇಳೆ ಆ ಪುಸ್ತಕವೇ ಅಚ್ಚಾಗಿ ಮಾರಾಟಕ್ಕೆ ಬರುತ್ತಿದ್ದಿತು. ಒಡೆಯನಿಗೆ ವಿರೋಧವಾಗಿ ಮತ ಕೊಟ್ಟ ಗೇಣಿದಾರನಾಗಲಿ, ಗಿರಾಕಿಗೆ ವಿರೋಧವಾಗಿ ಕೊಟ್ಟ ಅಂಗಡಿಕಾರನಾಗಲಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಉಮೇದುವಾರರು ಮತದಾರರಿಗೆ ಗಾಡಿಯ ಬಾಡಿಗೆ, ಮಾಂಸದ ಊಟ, ಮದ್ಯ, ನಗದು ಹಣ ಎಲ್ಲವನ್ನೂ ಸಲ್ಲಿಸಬೇಕಾಗುತ್ತಿದ್ದಿತು.

ವಿಲ್ಕ್ಸನು ಇದೇ ಕೊಚ್ಚೆಯಲ್ಲಿ ಕಾಲಿಟ್ಟು ರಾಜಕೀಯಕ್ಕೆ ಬಂದನು. 1754ರಲ್ಲಿ ಬೆರಿಕ್ ಎಂಬ ಗಡಿಯೂರಿನಲ್ಲಿ ನಿಂತು ಸೋತನು. 1757ರಲ್ಲಿ ಏಲ್ಸ್‌ಬರಿ ಕ್ಷೇತ್ರದ ಪೀಠವು ಅವನಿಗೆ ದೊರೆಯಿತು; ಆ ವ್ಯವಹಾರಕ್ಕೆ ಸುಮಾರು 7,000 ಪೌಂಡುಗಳು ವೆಚ್ಚವಾದವು. 1761ರ ಚುನಾವಣೆಯಲ್ಲಿ ಅದೇ ಊರಿನ ಸುಮಾರು 500 ಮತದಾರರಲ್ಲಿ 300 ಮಂದಿಗೆ ತಲೆಗೆ ಐದು ಪೌಂಡಿನಂತೆ ಹಂಚಿ ಪೀಠವನ್ನುಳಿಸಿಕೊಂಡನು. ಮುಂದೆ ಮತದಾರರ ಸ್ವಾತಂತ್ರ್ಯದ ಧ್ವಜವನ್ನು ಹಿಡಿಯತಕ್ಕವನು ಮೊದಲು ಮತಗಳನ್ನು ಕೊಂಡವನೇ ಎಂಬುದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರವಾದೀತು.

1760ರಲ್ಲಿ ಮೂರನೆಯ ಜಾರ್ಜನು ಸಿಂಹಾಸನವನ್ನೇರಿದನು. ಅವನು ತನ್ನ ಗುರುವಾಗಿದ್ದ ಲಾರ್ಡ್ ಬ್ಯೂಟನನ್ನು ಪ್ರಧಾನ ಮಂತ್ರಿಯನ್ನಾಗಿ ಮಾಡಿಕೊಂಡನು. ಇದನ್ನು ಸಹಿಸದ ವಿಲ್ಕ್ಸನು ಕವಿಯಾದ ಚಾರ್ಲ್ಸ್ ಚರ್ಚಿಲನೊಡನೆ ಸೇರಿ 1762ರ ಜೂನ್ ತಿಂಗಳಿನಲ್ಲಿ ನಾರ್ತ್ ಬ್ರಿಟನ್ ಎಂಬ ವಾರಪತ್ರಿಕೆಯನ್ನು ಹೊರಡಿಸಿದನು. 1763ನೆಯ ಏಪ್ರಿಲ್ 23ರಂದು ಹೊರಟ ಅದರ 45ನೆಯ ಸಂಚಿಕೆಯು, ಫ್ರಾನ್ಸಿನೊಡನೆ ಆದ ಸಂಧಿಯನ್ನು ಹೊಗಳಿದ ರಾಜನ ಭಾಷಣವನ್ನು ಕಟುವಾಗಿ ಖಂಡಿಸಿತು. ಭಾಷಣವು ರಾಜನ ಬಾಯಿಂದ ಬಂದರೂ ಮಂತ್ರಿಗಳು ಬರೆದುಕೊಟ್ಟದ್ದೆಂಬ ನೆಪವನ್ನು ವಿಲ್ಕ್ಸನು ಮುಂದಿಟ್ಟಿದ್ದನು. ರಾಜನಿಗೆ ಆ ಭೇದವು ರುಚಿಸಲಿಲ್ಲ. ಕಾರ್ಯದರ್ಶಿಯಾದ ಲಾರ್ಡ್ ಹ್ಯಾಲಿಫ್ಯಾಕ್ಸನು ಒಂದು ವಾರಂಟನ್ನು ಹೊರಡಿಸಿದನು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಪತ್ರಿಕೆಯನ್ನು ಬರೆದವರು, ಅಚ್ಚುಹಾಕಿದವರು, ಮಾರಿದವರು ಯಾರೇ ಆಗಲಿ ಹಿಡಿದು ತರುವುದೆಂದು ಮಾತ್ರವಿದ್ದಿತು. ಈ ಹೆಸರಿಲ್ಲದ ಹುಕುಮಿನ ಬಲದಿಂದ 49 ಮಂದಿ ಸೆರೆಯಾದರು. ವಿಲ್ಕ್ಸನನ್ನು ಲಂಡನ್ ಟವರ್ ಕೋಟೆಯಲ್ಲಿಟ್ಟರು. ಅವನ ಮನೆಯ ಪೆಟ್ಟಿಗೆಗಳನ್ನು ಒಡೆದು ಕಾಗದಪತ್ರಗಳನ್ನು ಹೊತ್ತೊಯ್ದರು.

ಅವನು ನ್ಯಾಯಾಸ್ಥಾನವನ್ನು ಮೊರೆಹೊಕ್ಕನು. ಪಾರ್ಲಿಮೆಂಟಿನ ಸದಸ್ಯನಿಗಿರುವ ಹಕ್ಕನ್ನನುಸರಿಸಿ ಮುಖ್ಯ ನ್ಯಾಯಾಧೀಶನಾದ ಪ್ರ್ಯಾಟನು ಅವನನ್ನು ಬಿಡುಗಡೆ ಮಾಡಿದನು. ಅಷ್ಟಕ್ಕೆ ಸುಮ್ಮನಾಗದೆ, ತನ್ನ ಮನೆಯನ್ನು ಹೊಕ್ಕ ಅಧಿಕಾರಿಯ ಮೇಲೆ ವಿಲ್ಕ್ಸನು ದಾವೆ ಹೂಡಿ 1,000 ಪೌಂಡು ಪರಿಹಾರ ಪಡೆದನು. 1769ರಲ್ಲಿ ಹ್ಯಾಲಿಫ್ಯಾಕ್ಸನಿಂದಲೇ 4,000 ಪೌಂಡು ವಸೂಲಾಯಿತು. ಹೆಸರಿಲ್ಲದ ವಾರಂಟಿನಿಂದ ಪ್ರಜೆಯ ಮನೆಯನ್ನು ಶೋಧಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ಈ ಕಾಲದ ಖಟ್ಲೆಗಳಿಂದ ಕೊನೆಗಂಡಿತು. ಪತ್ರಿಕಾಕರ್ತನೊಬ್ಬನ ಹಟದಿಂದ ದೇಶದ ಪ್ರತಿಯೊಂದು ಮನೆಯ ಬಾಗಿಲಿಗೂ ಒಂದು ಅಗುಳಿ ದೊರೆತಂತಾಯಿತು.

ಸರಕಾರವು ಬೇರೊಂದು ದಾರಿಯನ್ನು ಹಿಡಿಯಿತು. ವಿಲ್ಕ್ಸನು ಗೆಳೆಯರ ವಿನೋದಕ್ಕಾಗಿ ಗುಪ್ತವಾಗಿ ಅಚ್ಚುಹಾಕಿಸುತ್ತಿದ್ದ ಅಶ್ಲೀಲವಾದ ಪದ್ಯವೊಂದರ ಪ್ರತಿಯನ್ನು ಅವನ ಅಚ್ಚುಕೂಟದ ಆಳಿನಿಂದ ಸಂಪಾದಿಸಿತು. 1763ರ ನವೆಂಬರಿನಲ್ಲಿ ಲಾರ್ಡ್ ಸ್ಯಾಂಡ್‌ವಿಚ್ಚನು ಅದನ್ನು ಪ್ರಭುಗಳ ಸಭೆಯಲ್ಲಿ ಓದಿದನು. ಅದೇ ಸ್ಯಾಂಡ್‌ವಿಚ್ಚನು ವಿಲ್ಕ್ಸನ ವಿಲಾಸಕೂಟದ ಹಳೆಯ ಒಡನಾಡಿ! ಅವನು ನೀತಿಯ ಪಾಠ ಹೇಳಲು ಎದ್ದುನಿಂತುದನ್ನು ಕಂಡು ಲಂಡನ್ನಿಗೆ ಲಂಡನ್ನೇ ನಕ್ಕಿತು. ಕಾಮನ್ಸ್ ಸಭೆಯು 45ನೆಯ ಸಂಚಿಕೆಯನ್ನು ರಾಜದ್ರೋಹದ ಲೇಖನವೆಂದು ನಿರ್ಣಯಿಸಿ ಬಹಿರಂಗವಾಗಿ ಸುಡಿಸಲು ಆಜ್ಞೆಮಾಡಿತು. ಸುಡುವುದಕ್ಕೆ ಬಂದವರನ್ನು ಜನರು ಅಟ್ಟಿಬಿಟ್ಟರು. ಆ ನಡುವೆ ಸದಸ್ಯನೊಬ್ಬನೊಡನೆ ಪಿಸ್ತೂಲಿನ ದ್ವಂದ್ವಯುದ್ಧವಾಗಿ ವಿಲ್ಕ್ಸನ ಹೊಟ್ಟೆಗೆ ಗುಂಡು ತಗುಲಿತು. ವರ್ಷದ ಕೊನೆಯಲ್ಲಿ ಅವನು ಪ್ಯಾರಿಸಿಗೆ ಓಡಿಹೋದನು. 1764ರ ಜನವರಿಯಲ್ಲಿ ಸಭೆಯು ಅವನನ್ನು ಹೊರಹಾಕಿತು. ನವೆಂಬರಿನಲ್ಲಿ ಕಾನೂನಿನ ರಕ್ಷಣೆಗೆ ಹೊರಗಾದವನೆಂದು ಸಾರಲಾಯಿತು.

ನಾಲ್ಕು ವರ್ಷ ಫ್ರಾನ್ಸ್, ಇಟಲಿಗಳಲ್ಲಿ ಕಾಲಹಾಕಿದ ವಿಲ್ಕ್ಸನು ಸಾಲದಲ್ಲಿ ಮುಳುಗಿ, 1768ರ ಫೆಬ್ರವರಿಯಲ್ಲಿ ಧೈರ್ಯಮಾಡಿ ಲಂಡನ್ನಿಗೆ ಹಿಂದಿರುಗಿದನು. ಸಾರ್ವತ್ರಿಕ ಚುನಾವಣೆಯ ಕಾಲವದು. ಮೊದಲು ಲಂಡನ್ ನಗರದ ಪೀಠಕ್ಕೆ ನಿಂತನು. ಏಳು ಮಂದಿ ಉಮೇದುವಾರರಲ್ಲಿ ಏಳನೆಯವನಾದನು. ಬೇರೊಬ್ಬನಾಗಿದ್ದರೆ ಮರಳಿ ಹಡಗು ಹತ್ತುತ್ತಿದ್ದನು. ವಿಲ್ಕ್ಸನು ಅಲ್ಲಿಯೇ ಮಿಡ್ಲ್‌ಸೆಕ್ಸ್ ಕೌಂಟಿಗೆ ನಿಲ್ಲುವೆನೆಂದು ಸಾರಿದನು.

ಮಿಡ್ಲ್‌ಸೆಕ್ಸಿನ ಮತದಾರರಲ್ಲಿ ದೊಡ್ಡ ಜಮೀನುದಾರರ ಅಂಕೆಗೆ ಒಳಗಾದವರು ಕಡಿಮೆ. ಅಂಗಡಿಯವರು, ಕುಶಲಕರ್ಮಿಗಳು, ಸಣ್ಣ ಹಿಡುವಳಿದಾರರು, ವರ್ತಕರು ಅಲ್ಲಿ ಹೆಚ್ಚು. ಮತದಾನವು ಮಾರ್ಚ್ 28ರಂದು ಬ್ರೆಂಟ್‌ಫರ್ಡ್ ಎಂಬ ಊರಿನಲ್ಲಿ ನಡೆಯಿತು. ಆ ಊರಿನ ಪಾದ್ರಿಯಾದ ಜಾನ್ ಹಾರ್ನನು ವಿಲ್ಕ್ಸನ ವೆಚ್ಚಕ್ಕೆ ತಾನು ಹೊಣೆಯಾಗಿ ನಿಂತನು. ನೀಲಿ ಬಣ್ಣದ ಕುಚ್ಚುಗಳನ್ನು ಟೊಪ್ಪಿಗೆಗಳಿಗೆ ಸಿಕ್ಕಿಸಿಕೊಂಡ ಬೆಂಬಲಿಗರು ಬೆಳಗಾಗುವ ಮೊದಲೇ ಬ್ರೆಂಟ್‌ಫರ್ಡಿನ ರಸ್ತೆಗಳನ್ನು ತುಂಬಿದರು. ಕೈಗೆ ಕೈಗೆ ಕರಪತ್ರಗಳು ಹರಿದಾಡಿದವು. ವಿಲ್ಕ್ಸ್ ಮತ್ತು ಸ್ವಾತಂತ್ರ್ಯ ಎಂಬುದೇ ಅವರ ಘೋಷವಾಗಿದ್ದಿತು. ಸಂಜೆಯ ಲೆಕ್ಕದಲ್ಲಿ ವಿಲ್ಕ್ಸನಿಗೆ 1,292, ಕುಕ್ಕನಿಗೆ 827, ಪ್ರಾಕ್ಟರನಿಗೆ 807 ಮತಗಳು. ಎರಡು ಪೀಠಗಳಲ್ಲಿ ಮೊದಲನೆಯದನ್ನು ದೇಶಭ್ರಷ್ಟನೊಬ್ಬನು ಗೆದ್ದುಕೊಂಡನು.

ಆ ರಾತ್ರಿ ಲಂಡನ್ನಿನಲ್ಲಿ ಕಿಟಕಿಯಲ್ಲಿ ದೀಪವಿಡದ ಮನೆಯ ಗಾಜುಗಳು ಉಳಿಯಲಿಲ್ಲ. 45 ಎಂಬ ಅಂಕೆಯು ಮಂತ್ರಾಕ್ಷರದಂತಾಯಿತು. ಬಾಗಿಲುಗಳ ಮೇಲೆ, ಗಾಡಿಗಳ ಮೇಲೆ ಜನರು ಸೀಮೆಸುಣ್ಣದಿಂದ ಅದನ್ನೇ ಬರೆದರು. ಆಸ್ಟ್ರಿಯದ ರಾಯಭಾರಿಯನ್ನು ಗಾಡಿಯಿಂದಿಳಿಸಿ ಅವನ ಜೋಡಿನ ಅಟ್ಟೆಯ ಮೇಲೆ ಬರೆದು ಕಳುಹಿಸಿದರು! ಅಮೆರಿಕದ ವಸಾಹತುಗಳ ಪರವಾಗಿ ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನನು, ಊರ ಹೊರಗೆ 15 ಮೈಲಿಗಳವರೆಗೂ ಈ ಅಂಕೆಯಿಲ್ಲದ ಬಾಗಿಲು ಅಪರೂಪವೆಂದು ಕಂಡು ತನ್ನ ಮಗನಿಗೆ ಬರೆದನು.

ಗೆದ್ದ ವಿಲ್ಕ್ಸನು ತಾನಾಗಿಯೇ ನ್ಯಾಯಾಸ್ಥಾನಕ್ಕೆ ಶರಣಾದನು. ಸೆರೆಮನೆಗೆ ಒಯ್ಯುತ್ತಿದ್ದ ಗಾಡಿಯನ್ನು ಜನರು ತಡೆದು, ಕುದುರೆಗಳನ್ನು ಬಿಚ್ಚಿ, ತಾವೇ ಎಳೆದುಕೊಂಡು ಊರೊಳಗೆ ಮೆರೆಸಿದರು. ವಿಲ್ಕ್ಸನು ಅವರ ಕಣ್ಣು ತಪ್ಪಿಸಿ, ವೇಷ ಮರೆಸಿಕೊಂಡು ಹೋಗಿ ಸೆರೆಮನೆಯ ಬಾಗಿಲನ್ನು ತಟ್ಟಿದನು. ಬಿಡಿಸಿದವರಿಂದ ತಪ್ಪಿಸಿಕೊಂಡು ಸೆರೆಗೆ ಸೇರಿದ ಕೈದಿಗಳು ಚರಿತ್ರೆಯಲ್ಲಿ ವಿರಳ. ಮೇ 10ರಂದು ಸೆರೆಮನೆಯ ಎದುರಿನ ಸೇಂಟ್ ಜಾರ್ಜ್ ಮೈದಾನದಲ್ಲಿ ಕೂಡಿದ್ದ ಜನರ ಮೇಲೆ ಸಿಪಾಯಿಗಳು ಗುಂಡು ಹಾರಿಸಿದರು. ಗಲಭೆಯಲ್ಲಿ ಸೇರಿಯೇ ಇರದಿದ್ದ ವಿಲಿಯಂ ಅಲೆನ್ ಎಂಬ ಯುವಕನೂ ಸೇರಿ ಹಲವರು ಮಡಿದರು. ಜೂನಿನಲ್ಲಿ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡನು ಬಹಿಷ್ಕಾರವನ್ನು ರದ್ದುಮಾಡಿದನಾದರೂ, ಹಳೆಯ ಎರಡು ಅಪರಾಧಗಳಿಗಾಗಿ 22 ತಿಂಗಳ ಸೆರೆವಾಸ ಮತ್ತು 1,000 ಪೌಂಡು ದಂಡವನ್ನು ವಿಧಿಸಿದನು.

ಇಲ್ಲಿಂದ ಮುಂದೆ ವ್ಯಕ್ತಿಯ ಕಥೆ ಮುಗಿದು ತತ್ತ್ವದ ಕಥೆ ಮೊದಲಾಗುವುದು. ಸೇಂಟ್ ಜಾರ್ಜ್ ಮೈದಾನದ ಹತ್ಯೆಗೆ ಮಂತ್ರಿಗಳೇ ಕಾರಣರೆಂದು ವಿಲ್ಕ್ಸನು ಸೆರೆಮನೆಯಿಂದಲೇ ಪತ್ರಿಕೆಯಲ್ಲಿ ಬರೆದನು. 1769ನೆಯ ಫೆಬ್ರವರಿ 3ರಂದು ಗ್ರಾಫ್ಟನ್ ಡ್ಯೂಕನ ಸರಕಾರವು ಹಳೆಯ ಹೊಸ ಅಪರಾಧಗಳನ್ನೆಲ್ಲ ಒಂದೇ ಮೂಟೆಯಾಗಿ ಕಟ್ಟಿ, 219 ಮತಗಳಿಗೆ ವಿರೋಧವಾಗಿ 137 ಮತಗಳಿರುವಾಗ ಅವನನ್ನು ಸಭೆಯಿಂದ ಹೊರಹಾಕಿತು. ಅಂದು ಇದನ್ನು ವಿರೋಧಿಸಿದವರಲ್ಲಿ ಜಾರ್ಜ್ ಗ್ರೆನ್ವಿಲನೂ ಒಬ್ಬನು. 1763ರಲ್ಲಿ ವಿಲ್ಕ್ಸನನ್ನು ಸೆರೆಹಿಡಿಸಿದ ಸರಕಾರಕ್ಕೆ ಅವನೇ ಪ್ರಧಾನ ಮಂತ್ರಿಯಾಗಿದ್ದನೆಂಬುದನ್ನು ಗಮನಿಸತಕ್ಕದ್ದು.

ಬ್ರೆಂಟ್‌ಫರ್ಡಿನ ಅಟ್ಟಣೆಯು ಮತ್ತೆ ಎದ್ದಿತು. ಫೆಬ್ರವರಿ 16ರಂದು ಮಿಡ್ಲ್‌ಸೆಕ್ಸಿನವರು ವಿಲ್ಕ್ಸನನ್ನೇ ಅವಿರೋಧವಾಗಿ ಆರಿಸಿದರು. ಮರುದಿನ ಸಭೆಯು, ಹೊರಹಾಕಲ್ಪಟ್ಟವನು ಅದೇ ಪಾರ್ಲಿಮೆಂಟಿಗೆ ಆರಿಸಿಬರಲು ಅನರ್ಹನೆಂದು ಠರಾವು ಮಾಡಿತು. ಮಾರ್ಚ್ 16ರಂದು ಮತ್ತೆ ಅವನನ್ನೇ ಆರಿಸಿದರು. ಮರುದಿನ ಸಭೆಯು ಮತ್ತೆ ರದ್ದುಮಾಡಿತು. ಮೂರನೆಯ ಸಲಕ್ಕೆ ಸರಕಾರವು ಕರ್ನಲ್ ಹೆನ್ರಿ ಲಟ್ರೆಲನೆಂಬವನನ್ನು ಅವನ ಹಳೆಯ ಪೀಠಕ್ಕೆ ರಾಜೀನಾಮೆ ಕೊಡಿಸಿ ಕಣಕ್ಕಿಳಿಸಿತು. ಏಪ್ರಿಲ್ 13ರಂದು ಮತದಾನವಾಯಿತು. ವಿಲ್ಕ್ಸನಿಗೆ 1,143 ಮತಗಳು, ಲಟ್ರೆಲನಿಗೆ 296. ಏಪ್ರಿಲ್ 15ರಂದು ಕಾಮನ್ಸ್ ಸಭೆಯು, ಅನರ್ಹನಿಗೆ ಕೊಟ್ಟ ಮತಗಳು ಮತಗಳೇ ಅಲ್ಲವೆಂಬ ವಾದವನ್ನು ಎತ್ತಿಹಿಡಿದು, 197 ಮತಗಳಿಂದ ಲಟ್ರೆಲನೇ ಮಿಡ್ಲ್‌ಸೆಕ್ಸಿನ ಪ್ರತಿನಿಧಿಯೆಂದು ಸಾರಿತು. ವಿರೋಧವಾಗಿ 143 ಮಂದಿ ಮತವಿತ್ತರು.

ಈ ವಾದದ ಗರ್ಭದಲ್ಲಿದ್ದ ವಿಷವನ್ನು ಜನರು ಕೂಡಲೇ ಗುರುತಿಸಿದರು. ಸಭೆಯೊಂದು ತನ್ನ ಸದಸ್ಯನನ್ನು ದುರ್ನಡತೆಗಾಗಿ ಹೊರಹಾಕುವುದು ಒಂದು ಮಾತು. ಅವನನ್ನು ಮತ್ತೆ ಕಳುಹಿಸುವ ಅಧಿಕಾರವೇ ಮತದಾರರಿಗಿಲ್ಲವೆನ್ನುವುದು ಇನ್ನೊಂದು ಮಾತು. ಮೊದಲನೆಯದರಲ್ಲಿ ಸಭೆಯು ಮತದಾರರನ್ನು ಮರುವಿಚಾರಕ್ಕೆ ಕರೆಯುತ್ತದೆ; ಎರಡನೆಯದರಲ್ಲಿ ತಾನೇ ಮತದಾರನಾಗಿಬಿಡುತ್ತದೆ. ಅರ್ಹತೆಗಳನ್ನು ವಿಧಿಸಬೇಕಾದದ್ದು ರಾಜ, ಪ್ರಭುಗಳು, ಕಾಮನ್ಸರು ಮೂವರೂ ಸೇರಿ ಮಾಡಿದ ಕಾಯಿದೆ. ಒಂದು ಸಭೆಯ ಒಂದು ದಿನದ ಬಹುಮತವು ಹೊಸ ಅನರ್ಹತೆಯನ್ನು ಹುಟ್ಟಿಸಬಹುದಾದರೆ, ಇಂದು ವಿಲ್ಕ್ಸನಿಗೆ ಆದುದು ನಾಳೆ ಮಂತ್ರಿಗಳಿಗೆ ಅಪ್ರಿಯನಾದ ಯಾವನಿಗಾದರೂ ಆದೀತು. ಆಗ ಚುನಾವಣೆಯೆಂಬುದು ಬರಿಯ ಜಾತ್ರೆಯಾಗುವುದೇ ಹೊರತು ಪ್ರಜೆಗಳ ತೀರ್ಪಾಗದು.

ಆದುದರಿಂದಲೇ ವಿಲ್ಕ್ಸನ ನಡತೆಯನ್ನು ಮೆಚ್ಚದವರೂ ಅವನ ಪಕ್ಷವನ್ನು ವಹಿಸಿದರು. ಫೆಬ್ರವರಿಯಲ್ಲಿಯೇ ಹಕ್ಕುಪತ್ರ ಸಮರ್ಥಕರ ಸಂಘವೊಂದು ಸ್ಥಾಪಿತವಾಗಿ ಅವನ ಸಾಲಗಳನ್ನು ತೀರಿಸತೊಡಗಿತು. ಕೌಂಟಿ ಕೌಂಟಿಗಳಲ್ಲಿ ಸಭೆಗಳು ಸೇರಿ, ಸುಮಾರು 60,000 ಮಂದಿ ಸಹಿಮಾಡಿದ ಅರ್ಜಿಗಳು ರಾಜನ ಸನ್ನಿಧಿಗೆ ಹೋದವು. ಎಡ್ಮಂಡ್ ಬರ್ಕನು ಗ್ರಂಥ ಬರೆದನು. ಜೂನಿಯಸನೆಂಬ ಕಾವ್ಯನಾಮದವನು ಮಂತ್ರಿಗಳನ್ನು ಪತ್ರಿಕೆಯಲ್ಲಿ ಸುಟ್ಟನು. ಸರಕಾರದ ಪರವಾಗಿ ಡಾಕ್ಟರ್ ಜಾನ್ಸನ್ನನಂಥ ಪಂಡಿತನೇ ಲೇಖನಿ ಹಿಡಿಯಬೇಕಾಯಿತು. ಸಮುದ್ರದಾಚೆಯ ದಕ್ಷಿಣ ಕೆರೊಲೈನ ವಸಾಹತಿನ ಶಾಸನಸಭೆಯು 1769ರ ಡಿಸೆಂಬರಿನಲ್ಲಿ ಈ ಸಂಘಕ್ಕೆ 1,500 ಪೌಂಡು ಕಳುಹಿಸಿತು. ಆ ಕಾಣಿಕೆಯ ವಿಷಯವಾಗಿ ಗವರ್ನರನಿಗೂ ಸಭೆಗೂ ಜಗಳ ಹತ್ತಿ, ಆ ವರ್ಷದ ಮೇಲೆ ಅಲ್ಲಿ ವಾರ್ಷಿಕ ತೆರಿಗೆಯ ಮಸೂದೆಯೇ ಪಾಸಾಗಲಿಲ್ಲ. ಬ್ರೆಂಟ್‌ಫರ್ಡಿನಲ್ಲಿ ಬಿದ್ದ ಕಿಡಿಯು ಅಮೆರಿಕದ ಒಣಗಿದ ಹುಲ್ಲಿಗೂ ತಗುಲಿತ್ತು.

1770ನೆಯ ಏಪ್ರಿಲಿನಲ್ಲಿ ವಿಲ್ಕ್ಸನು ಬಿಡುಗಡೆ ಹೊಂದಿದನು. ಸೆರೆಯಲ್ಲಿರುವಾಗಲೇ ಲಂಡನ್ ನಗರದ ಆಲ್ಡರ್ಮನ್ನನಾಗಿ ಆಯ್ಕೆಗೊಂಡಿದ್ದುದರಿಂದ ಅವನಿಗೆ ಮ್ಯಾಜಿಸ್ಟ್ರೇಟನ ಅಧಿಕಾರವು ಬಂದಿದ್ದಿತು. ಆ ಕಾಲದಲ್ಲಿ ಪಾರ್ಲಿಮೆಂಟಿನ ಚರ್ಚೆಗಳನ್ನು ಪತ್ರಿಕೆಗಳಲ್ಲಿ ಅಚ್ಚುಮಾಡುವುದು ಅಪರಾಧ. ಆರಿಸಿದ ಸದಸ್ಯನು ಸಭೆಯಲ್ಲಿ ಏನು ಮಾಡುತ್ತಾನೆಂಬುದು ತಿಳಿಯದಿದ್ದರೆ ಮತದಾರನು ಮುಂದಿನ ಚುನಾವಣೆಯಲ್ಲಿ ಯಾವ ಆಧಾರದಿಂದ ಮತ ಕೊಡಬೇಕು? 1771ರಲ್ಲಿ ಸಭೆಯು ಅಚ್ಚುಕೂಟದವರನ್ನು ಹಿಡಿಯಲು ಆಜ್ಞೆಮಾಡಿದಾಗ, ನಗರದೊಳಗೆ ಹಿಡಿದು ತಂದ ಅವರನ್ನು ವಿಲ್ಕ್ಸನೂ, ಲಾರ್ಡ್ ಮೇಯರ್ ಬ್ರಾಸ್ ಕ್ರಾಸ್ಬಿಯೂ, ಆಲ್ಡರ್ಮನ್ ಆಲಿವರನೂ ಬಿಟ್ಟುಬಿಟ್ಟರು. ಕ್ರಾಸ್ಬಿ, ಆಲಿವರರು ಟವರ್ ಕೋಟೆಗೆ ಹೋದರು. ವಿಲ್ಕ್ಸನಿಗೂ ಕರೆ ಬಂದಿತು. ಮಿಡ್ಲ್‌ಸೆಕ್ಸಿನ ಸದಸ್ಯನೆಂದು ಕರೆದು ತನ್ನ ಪೀಠದಲ್ಲಿ ಕೂರಿಸಿದರೆ ಬರುವೆನೆಂದು ಅವನು ಉತ್ತರ ಕಳುಹಿಸಿದನು. ಸಭೆಯು ಅವನನ್ನು ಏಪ್ರಿಲ್ 8ಕ್ಕೆ ಬರಹೇಳಿ, ತಾನು 9ರವರೆಗೆ ಸಭೆಯನ್ನೇ ಮುಂದಕ್ಕೆ ಹಾಕಿಕೊಂಡು ಅವನ ಮುಖ ನೋಡುವ ಪ್ರಮೇಯವನ್ನು ತಪ್ಪಿಸಿಕೊಂಡಿತು! ಅಂದಿನಿಂದ ಚರ್ಚೆಗಳ ವರದಿಯನ್ನು ತಡೆಯುವ ಪ್ರಯತ್ನವು ಬಿದ್ದುಹೋಯಿತು. ಶಾಸನಸಭೆಯ ವರದಿಯನ್ನು ಬೆಳಗಿನ ಪತ್ರಿಕೆಯಲ್ಲಿ ಓದುವ ನಾವು ಈ ಸಂಗತಿಯನ್ನು ನೆನೆಯತಕ್ಕದ್ದು.

1774ರಲ್ಲಿ ವಿಲ್ಕ್ಸನು ಲಂಡನ್ನಿನ ಲಾರ್ಡ್ ಮೇಯರನಾದನು. ಅದೇ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಮಿಡ್ಲ್‌ಸೆಕ್ಸಿನವರು ಅವನನ್ನು ಅವಿರೋಧವಾಗಿ ಆರಿಸಿದರು. ಈ ಸಲ ಅವನನ್ನು ತಡೆಯುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಸಭೆಯಲ್ಲಿ ಅವನು ಅಮೆರಿಕದ ಮೇಲಣ ಯುದ್ಧವನ್ನು ವಿರೋಧಿಸಿದನು. 1776ನೆಯ ಮಾರ್ಚ್ 21ರಂದು ಪಾರ್ಲಿಮೆಂಟಿನ ಸುಧಾರಣೆಗಾಗಿ ಮಸೂದೆಯನ್ನು ತರಲು ಅನುಮತಿ ಕೇಳಿದನು. ಹಾಳುಬಿದ್ದ ಬರೋಗಳ ಪೀಠಗಳನ್ನು ತೆಗೆದು ದೊಡ್ಡ ಪಟ್ಟಣಗಳಿಗೆ ಕೊಡಬೇಕು, ಕೂಲಿಯವನಿಗೂ ಬಡ ರೈತನಿಗೂ ಮತವಿರಬೇಕು ಎಂಬುದು ಅವನ ವಾದ. ಪ್ರಧಾನ ಮಂತ್ರಿ ಲಾರ್ಡ್ ನಾರ್ತನು ಇದನ್ನು ವಿನೋದವೆಂದೇ ಎಣಿಸಿದನು. ಸೂಚನೆಯು ಮತಕ್ಕೂ ಹೋಗದೆ ಬಿದ್ದುಹೋಯಿತು. ಆದರೆ ಆ ವಿನೋದದ ಒಂದು ಪಾಲು 1832ರಲ್ಲಿ, ಮತ್ತೊಂದು 1867ರಲ್ಲಿ, ಇನ್ನೊಂದು 1884ರಲ್ಲಿ ಕಾಯಿದೆಯಾಯಿತು. 1872ರಲ್ಲಿ ಮತದಾನವು ಗುಪ್ತವಾಯಿತು. 1883ರಲ್ಲಿ ಚುನಾವಣೆಯ ವೆಚ್ಚಕ್ಕೆ ಮಿತಿ ಬಂದಿತು. 1918 ಮತ್ತು 1928ರಲ್ಲಿ ಸ್ತ್ರೀಯರಿಗೂ ಹಕ್ಕು ದೊರೆಯಿತು.

ಸಭೆಯಲ್ಲಿ ವರ್ಷವರ್ಷವೂ ವಿಲ್ಕ್ಸನು ತಪ್ಪದೆ ಮಾಡುತ್ತಿದ್ದ ಕೆಲಸವೊಂದಿದ್ದಿತು. ತನ್ನನ್ನು ಅನರ್ಹನೆಂದು ಸಾರಿದ 1769ರ ಠರಾವನ್ನು ಸಭೆಯ ಪುಸ್ತಕದಿಂದ ಅಳಿಸಿಹಾಕಬೇಕೆಂದು ಸೂಚಿಸುವನು, ಸೋಲುವನು, ಮರುವರ್ಷ ಮತ್ತೆ ಸೂಚಿಸುವನು. ಪೀಠವು ದೊರೆತಿದ್ದಿತು, ಪದವಿಯಿದ್ದಿತು; ಈ ಹಟವೇಕೆಂದು ಗೆಳೆಯರು ಕೇಳುವುದು ಸಹಜ. ಆದರೆ ಪುಸ್ತಕದಲ್ಲಿ ಉಳಿದ ಅನ್ಯಾಯವು ನಿದ್ರಿಸುವ ಹಾವಿನಂತೆ. ಅದು ಮುಂದೆಂದಾದರೂ ಪೂರ್ವನಿದರ್ಶನವಾಗಿ ಹೆಡೆಯೆತ್ತಬಹುದು. ಕೊನೆಗೆ ನಾರ್ತನ ಸರಕಾರವು ಬಿದ್ದ ಮೇಲೆ, 1782ನೆಯ ಮೇ 3ರಂದು, 47ಕ್ಕೆ ವಿರೋಧವಾಗಿ 115 ಮತಗಳಿಂದ ಸೂಚನೆಯು ಅಂಗೀಕೃತವಾಯಿತು. ಆ ಠರಾವುಗಳು ಸಮಸ್ತ ಮತದಾರರ ಹಕ್ಕುಗಳಿಗೆ ವಿರುದ್ಧವಾದವುಗಳೆಂಬ ಕಾರಣವನ್ನು ಕೊಟ್ಟು, ಗುಮಾಸ್ತನ ಕೈಯಿಂದ ಅವುಗಳನ್ನು ಪುಸ್ತಕದಲ್ಲಿ ಹೊಡೆದುಹಾಕಿಸಲಾಯಿತು. ಸ್ವಾತಂತ್ರ್ಯಪ್ರಿಯನೆಂದು ಹೆಸರಾದ ಚಾರ್ಲ್ಸ್ ಜೇಮ್ಸ್ ಫಾಕ್ಸನು ಆ ದಿನವೂ ಇದನ್ನು ವಿರೋಧಿಸಿದನು. ಹಕ್ಕುಗಳನ್ನು ಕಾಯುವವರು ಯಾವಾಗಲೂ ನಾವೆಣಿಸಿದವರೇ ಆಗಿರುವುದಿಲ್ಲ.

ವಿಲ್ಕ್ಸನ ಉತ್ತರಾರ್ಧವು ಶಾಂತವಾದುದು. 1779ರಿಂದ ಸಾಯುವವರೆಗೂ ನಗರದ ಖಜಾನೆಯ ಅಧಿಕಾರಿಯಾಗಿ ಅವನು ಕೆಲಸ ಮಾಡಿದನು. 1780ರಲ್ಲಿ ಕ್ಯಾಥೊಲಿಕರ ಮೇಲಣ ದ್ವೇಷದಿಂದ ಲಂಡನ್ನಿನಲ್ಲಿ ಎದ್ದ ಘೋರವಾದ ದಂಗೆಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡನ್ನು ಕಾಯುತ್ತ, ದೊಂಬಿಗಾರರ ಮೇಲೆ ಗುಂಡು ಹಾರಿಸಿದವರ ಮುಂದೆ ಅವನೇ ನಿಂತಿದ್ದನು. ಒಂದು ಕಾಲಕ್ಕೆ ತನ್ನನ್ನು ಹೊತ್ತು ಮೆರೆಸಿದ ಬೀದಿಯ ಪ್ರೀತಿಯನ್ನು ಅವನು ಅಂದು ಕಳೆದುಕೊಂಡನು. 1790ರಲ್ಲಿ ಮಿಡ್ಲ್‌ಸೆಕ್ಸಿನಲ್ಲಿ ಬೆಂಬಲವಿಲ್ಲವೆಂದು ಕಂಡು ಕಣದಿಂದ ಹಿಂದೆಗೆದನು. ಆರಿಸುವ ಹಕ್ಕಿನಂತೆ ಬಿಡುವ ಹಕ್ಕೂ ಮತದಾರರದೇ ಅಲ್ಲವೇ! 1797ನೆಯ ಡಿಸೆಂಬರ್ 26ರಂದು, 72ನೆಯ ವಯಸ್ಸಿನಲ್ಲಿ, ಅವನು ಮೃತಿಹೊಂದಿದನು.

ಅಳಿಸಿಹಾಕಿದ ಆ ಠರಾವಿನ ನೆನಪು ಅಳಿಯಲಿಲ್ಲ. ನಾಸ್ತಿಕನೆಂಬ ಕಾರಣದಿಂದ ಚಾರ್ಲ್ಸ್ ಬ್ರ್ಯಾಡ್ಲಾನನ್ನು ಕಾಮನ್ಸ್ ಸಭೆಯು 1880ರಿಂದ ಹೊರಗಿಟ್ಟಾಗ ನಾರ್ದ್ಯಾಂಪ್ಟನ್ನಿನ ಮತದಾರರು ಮಿಡ್ಲ್‌ಸೆಕ್ಸಿನವರಂತೆಯೇ ಅವನನ್ನು ಮತ್ತೆ ಮತ್ತೆ ಆರಿಸಿದರು. 1886ರಲ್ಲಿ ಅವನು ಪೀಠದಲ್ಲಿ ಕುಳಿತನು. 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ನಮ್ಮ ದೇಶದ ಪಕ್ಷವನ್ನು ವಹಿಸಿದನು. 1891ರಲ್ಲಿ ಅವನು ಮರಣಶಯ್ಯೆಯಲ್ಲಿದ್ದಾಗ ಅವನ ಮೇಲಣ ಠರಾವನ್ನೂ ಸಭೆಯು ಅಳಿಸಿಹಾಕಿತು. 1969ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟು, ಚುನಾಯಿತನಾದ ಆಡಂ ಕ್ಲೇಟನ್ ಪೊವೆಲನನ್ನು ಪ್ರತಿನಿಧಿಸಭೆಯು ಒಳಗೆ ಬಿಡದಿದ್ದುದು ಅಕ್ರಮವೆಂದು ತೀರ್ಪು ಕೊಡುವಾಗ ವಿಲ್ಕ್ಸನ ವೃತ್ತಾಂತವನ್ನೇ ವಿಸ್ತಾರವಾಗಿ ವಿಚಾರಿಸಿತು. ನಮ್ಮಲ್ಲಿಯೂ ಪ್ರಶ್ನೆ ಕೇಳಲು ಹಣ ಪಡೆದರೆಂದು 2005ರಲ್ಲಿ 11 ಮಂದಿ ಸಂಸತ್ಸದಸ್ಯರು ಉಚ್ಚಾಟಿತರಾದರು. ಸಂಸತ್ತಿಗೆ ಆ ಅಧಿಕಾರವುಂಟೆಂದು 2007ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಉಚ್ಚಾಟನೆ ಬೇರೆ, ಮತದಾರನ ಬಾಯಿ ಕಟ್ಟುವುದು ಬೇರೆ ಎಂಬ ಗೆರೆಯನ್ನು ಇಂಥ ಸಮಯದಲ್ಲಿ ಮರೆಯಬಾರದು.

ಕಡೆಯದಾಗಿ ಒಂದು ಮಾತು. ವಿಲ್ಕ್ಸನು ಹುಟ್ಟಿದ ಕ್ಲರ್ಕೆನ್‌ವೆಲ್ಲು ಮುಂದೆ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರಕ್ಕೆ ಸೇರಿತು. 1892ರಲ್ಲಿ ಆ ಕ್ಷೇತ್ರದ ಮತದಾರರು ಬೆರಳುಗಳಲ್ಲಿ ಎಣಿಸಬಹುದಾದಷ್ಟು ಮತಗಳ ಅಂತರದಿಂದ ಪಾರ್ಲಿಮೆಂಟಿಗೆ ಕಳುಹಿಸಿದವರು ನಮ್ಮ ದಾದಾಭಾಯಿ ನವರೋಜಿಯವರು. ದಾದಾಭಾಯಿಯವರು ಋಷಿಸದೃಶರು, ವಿಲ್ಕ್ಸನು ಅಂಥವನಲ್ಲ. ಆದರೆ ಮೊಹಲ್ಲೆಯ ಅಂಗಡಿಯವನೂ ಕಸಬುದಾರನೂ ತನ್ನ ಮನಸ್ಸಿಗೆ ಬಂದವನನ್ನು, ಅವನು ಯಾರೇ ಆಗಿರಲಿ, ಎಲ್ಲಿಯವನೇ ಆಗಿರಲಿ, ಆರಿಸಿ ಕಳುಹಿಸಬಹುದೆಂಬ ಹಕ್ಕು ಇಬ್ಬರಿಗೂ ಒಂದೇ ಆಗಿದ್ದಿತು. ಪ್ರತಿನಿಧಿಯು ಯೋಗ್ಯನೋ ಅಯೋಗ್ಯನೋ ಎಂಬುದನ್ನು ಮತದಾರನು ವಿವೇಕದಿಂದ ನಿರ್ಣಯಿಸಬೇಕು. ಅಯೋಗ್ಯನನ್ನು ಆರಿಸಿದರೆ ಅದರ ಫಲವನ್ನೂ ಅವನೇ ಉಣ್ಣಬೇಕು. ಆದರೆ ಆ ನಿರ್ಣಯವನ್ನು ಅವನ ಕೈಯಿಂದ ಕಿತ್ತುಕೊಂಡು ತಾವೇ ಮಾಡುವೆವೆಂದು ಮುಂದೆ ಬರುವವರು ಎಷ್ಟೇ ಸಜ್ಜನರಾಗಿ ಕಾಣಲಿ, ಅವರ ಬಗ್ಗೆ ಎಚ್ಚರವಾಗಿರಬೇಕು. ಇದು ಮಿಡ್ಲ್‌ಸೆಕ್ಸಿನ ಆ 1,143 ಮತದಾರರು ಲೋಕಕ್ಕೆ ಕಲಿಸಿದ ಪಾಠ. ಅವರಲ್ಲಿ ಹೆಚ್ಚಿನವರ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ; ಅವರು ಉಳಿಸಿಕೊಟ್ಟ ಹಕ್ಕು ಮಾತ್ರ ಉಳಿದಿದೆ.